ಒಂದು ಡಿಸ್ಕ್, ಎರಡು ಸಿಸ್ಟಂ: ಮೊದಲ ಮಾತು ಯಾರದ್ದು?

ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ 1991ರ ಜನವರಿಯಲ್ಲಿ ಹೊಸದೊಂದು 386 ಪಿಸಿ ಕೊಂಡರು. ಅದರ ಜತೆ ಡಾಸ್ ಬಂದಿತ್ತು. ಕೆಲವು ವಾರ ಕಾದು, ಫ್ಲಾಪಿಗಳಲ್ಲಿ ತರಿಸಿಕೊಂಡ ಮಿನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಅನ್ನೂ ಅದೇ ಯಂತ್ರಕ್ಕೆ ಹಾಕಿದರು. ಆ ಮಿನಿಕ್ಸ್‌ನಲ್ಲಿ ಕೂತು ಬರೆಯುತ್ತ ಹೋದ ಪ್ರೋಗ್ರಾಮೇ ಬೆಳೆದು ಲಿನಕ್ಸ್ ಆದದ್ದು. ಮೊದಮೊದಲ ಲಿನಕ್ಸ್‌ಗೆ ಸ್ವಂತ ಬಲ ಕಡಿಮೆ. ಅದನ್ನು ಕಂಪೈಲ್ ಮಾಡಬೇಕೆಂದರೂ ಮಿನಿಕ್ಸ್‌ಗೇ ಮರಳಬೇಕಿತ್ತು. ಹೀಗಿರುವಾಗ ಒಂದು ದಿನ ವಿಶ್ವವಿದ್ಯಾಲಯದ ಕಂಪ್ಯೂಟರಿಗೆ ಫೋನ್ ಲೈನಿನಲ್ಲಿ ಡಯಲ್ ಮಾಡಹೊರಟ ಟೋರ್ವಾಲ್ಡ್ಸ್, ಮೋಡೆಮ್‌ನ ಹೆಸರು ಕೊಡಬೇಕಾದಲ್ಲಿ ಹಾರ್ಡ್ ಡಿಸ್ಕಿನ ಹೆಸರು ಕೊಟ್ಟರು. ಮೋಡೆಮ್‌ಗೆ ಹೋಗಬೇಕಿದ್ದ ಅಕ್ಷರಗಳು ಮಿನಿಕ್ಸ್ ಪಾರ್ಟಿಷನ್ನಿನ ಮೇಲೆ ಬರೆದುಕೊಂಡವು. ಮಿನಿಕ್ಸ್ ಹೋಯಿತು, ಲಿನಕ್ಸ್ ಉಳಿಯಿತು. ಹೋದದ್ದನ್ನು ಮತ್ತೆ ಹಾಕುವುದೋ, ಉಳಿದದ್ದನ್ನೇ ನಂಬುವುದೋ ಎಂಬ ಪ್ರಶ್ನೆ ಎದುರಾದಾಗ ಅವರು ಎರಡನೆಯ ದಾರಿ ಹಿಡಿದರು. ‘ಜಸ್ಟ್ ಫಾರ್ ಫನ್’ ಎಂಬ ಆತ್ಮಕಥೆಯಲ್ಲಿ ಅವರೇ ಇದನ್ನು ಹೇಳಿಕೊಂಡಿದ್ದಾರೆ.

ಒಂದೇ ಡಿಸ್ಕಿನಲ್ಲಿ ಎರಡು ಆಪರೇಟಿಂಗ್ ಸಿಸ್ಟಂ ಇಟ್ಟುಕೊಳ್ಳುವ ಈ ಪದ್ಧತಿಗೆ, ಅಂದರೆ ಡ್ಯುಯಲ್ ಬೂಟ್‌ಗೆ, ಈಗ ಹೊಸ ಕಾರಣವೊಂದು ಸೇರಿಕೊಂಡಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಮನೆಬಳಕೆಯವರಿಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಸಿಗುವುದು 2026ರ ಅಕ್ಟೋಬರ್ 13ರವರೆಗೆ ಮಾತ್ರ. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಚಿಪ್ ಇರಬೇಕು. ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ ಎಂಟನೆಯ ತಲೆಮಾರಿನದ್ದೋ ಅದಕ್ಕಿಂತ ಹೊಸದೋ ಆಗಿರಬೇಕು. ಕೀಲಿಮಣೆ ಸವೆಯದ, ಪರದೆ ಮಾಸದ ಎಷ್ಟೋ ಲ್ಯಾಪ್‌ಟಾಪ್‌ಗಳು ಈ ಗೆರೆಯ ಆಚೆಗೆ ಉಳಿದುಬಿಟ್ಟವು. ಅಂಥ ಯಂತ್ರಕ್ಕೆ ಲಿನಕ್ಸ್ ಹಾಕಿದರೆ ಇನ್ನೂ ನಾಲ್ಕಾರು ವರ್ಷ ನಿಶ್ಚಿಂತೆಯಿಂದ ನಡೆಯುತ್ತದೆ.

ಆದರೆ ವಿಂಡೋಸ್ ಅನ್ನು ಒಮ್ಮೆಲೇ ಬಿಡಲು ಎಲ್ಲರಿಗೂ ಆಗುವುದಿಲ್ಲ. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ಲೆಕ್ಕಪತ್ರದ ತಂತ್ರಾಂಶ ಟ್ಯಾಲಿ ಓಡುವುದು ವಿಂಡೋಸ್‌ನಲ್ಲಿ. ಕನ್ನಡ ಡಿಟಿಪಿ ಮಾಡುವವರ ಬಳಿ ಪೇಜ್‌ಮೇಕರ್‌ನಲ್ಲಿ ನುಡಿಯ ಹಳೆಯ ಫಾಂಟುಗಳಿಂದ ಕಟ್ಟಿದ ಪುಸ್ತಕಗಳ ಕಡತಗಳು ರಾಶಿ ಬಿದ್ದಿವೆ. ಅವನ್ನು ತೆರೆಯಲು ವಿಂಡೋಸೇ ಬೇಕು. ಇನ್ನು ಎಂಜಿನಿಯರಿಂಗ್ ವಿದ್ಯಾರ್ಥಿಗಳದು ಇದಕ್ಕೆ ತಿರುಗುಮುರುಗು. ನೆಟ್‌ವರ್ಕ್ ಲ್ಯಾಬಿನ ಎನ್‌ಎಸ್-2, ಎನ್‌ಎಸ್-3 ಪ್ರಯೋಗಗಳಿಗೆ ಉಬುಂಟು ಎಂಬ ಲಿನಕ್ಸ್ ಬೇಕು, ಉಳಿದೆಲ್ಲದಕ್ಕೂ ಅಪ್ಪ ಕೊಡಿಸಿದ ಲ್ಯಾಪ್‌ಟಾಪಿನ ವಿಂಡೋಸ್ ಸಾಕು. ಇವರೆಲ್ಲರಿಗೂ ಒಂದೇ ಡಿಸ್ಕಿನಲ್ಲಿ ಎರಡೂ ಇರಬೇಕು.

ಡಿಸ್ಕ್ ಪಾಲು ಮಾಡುವುದು ದೊಡ್ಡ ವಿದ್ಯೆಯೆಂದು ಹೆದರುವವರು ಬಹಳ. ನಿಜವಾಗಿ ಪಾಲು ಮಾಡುವುದು ಈ ಕೆಲಸದ ಸುಲಭದ ಭಾಗ. ತಕರಾರು ಹುಟ್ಟುವುದು ಬೇರೆಡೆ: ಪವರ್ ಬಟನ್ ಒತ್ತಿದ ಮೊದಲ ಕೆಲವು ಕ್ಷಣಗಳಲ್ಲಿ ಯಂತ್ರ ಯಾರ ಮಾತು ಕೇಳಬೇಕು ಎಂಬಲ್ಲಿ. ಮೂವತ್ತು ವರ್ಷಗಳಿಂದ ಬಳಕೆದಾರರು ಪಟ್ಟ ಕಷ್ಟದ ಬಹುಪಾಲು, ಕಂಪನಿಗಳು ಕೋರ್ಟಿನ ತನಕ ಒಯ್ದ ಜಗಳ ಎಲ್ಲವೂ ಆ ಕ್ಷಣಗಳ ಹಿಡಿತಕ್ಕಾಗಿಯೇ.

ಮೊದಲು ಪಾಲಿನ ವಿಚಾರ. 1983ರಲ್ಲಿ ಐಬಿಎಂ ತನ್ನ ಪಿಸಿ ಎಕ್ಸ್‌ಟಿಯನ್ನು 10 ಎಂಬಿ ಹಾರ್ಡ್ ಡಿಸ್ಕಿನೊಂದಿಗೆ ತಂದಾಗ, ಅದರ ಡಾಸ್ 2.0 ಡಿಸ್ಕಿನ ಮೊಟ್ಟಮೊದಲ ಸೆಕ್ಟರನ್ನು ಒಂದು ವಿಶೇಷ ಕೆಲಸಕ್ಕೆ ಮೀಸಲಿಟ್ಟಿತು. ಅದೇ ಮಾಸ್ಟರ್ ಬೂಟ್ ರೆಕಾರ್ಡ್, ಎಂಬಿಆರ್. ಒಟ್ಟು 512 ಬೈಟ್. ಅದರಲ್ಲಿ 446 ಬೈಟ್ ಬೂಟ್ ಮಾಡುವ ಪುಟ್ಟ ಪ್ರೋಗ್ರಾಮಿಗೆ; ಕೊನೆಯ ಎರಡು ಬೈಟ್ ಬರೀ ಗುರುತಿಗೆ, ಅಲ್ಲಿ ಸದಾ 55 ಎಎ ಎಂಬ ಸಂಖ್ಯೆ ಇರಬೇಕು. ನಡುವೆ ಉಳಿದ 64 ಬೈಟೇ ಪಾರ್ಟಿಷನ್ ಪಟ್ಟಿ. ಒಂದೊಂದು ಪಾಲಿಗೆ 16 ಬೈಟ್, ಹಾಗಾಗಿ ನಾಲ್ಕೇ ಪಾಲು. ಪ್ರತಿ ಪಾಲು ಯಾವ ಸೆಕ್ಟರಿನಲ್ಲಿ ಶುರು, ಎಷ್ಟು ಸೆಕ್ಟರ್ ಉದ್ದ, ಯಾವ ಜಾತಿಯದು, ಬೂಟ್ ಆಗುವಂಥದ್ದೋ ಅಲ್ಲವೋ, ಇಷ್ಟು ಮಾತ್ರ ಅಲ್ಲಿ ದಾಖಲಾಗಿರುತ್ತದೆ.

ಜಮೀನಿನ ಪಹಣಿ ನೋಡಿದವರಿಗೆ ಇದು ಹೊಸದಲ್ಲ. ಸರ್ವೆ ನಂಬರಿಗೆ ಪೋಡಿ ಆದಾಗ ಬದಲಾಗುವುದು ದಾಖಲೆ. ಮಣ್ಣು ಇದ್ದಲ್ಲೇ ಇರುತ್ತದೆ. ಡಿಸ್ಕಿನ ಪಟ್ಟಿ ಅಳಿಸಿಹೋದರೂ ಒಳಗಿನ ಫೋಟೋ, ಲೆಕ್ಕಪತ್ರ ತಕ್ಷಣ ಎಲ್ಲಿಗೂ ಹೋಗುವುದಿಲ್ಲ, ಅವು ಎಲ್ಲಿವೆ ಎಂದು ಹೇಳುವ ದಾಖಲೆಯಷ್ಟೇ ಹೋಗಿರುತ್ತದೆ. ಟೆಸ್ಟ್‌ಡಿಸ್ಕ್ ಎಂಬ ಉಚಿತ ತಂತ್ರಾಂಶ ಡಿಸ್ಕನ್ನು ಸೆಕ್ಟರ್ ಸೆಕ್ಟರಾಗಿ ಜಾಲಾಡಿ ಹಳೆಯ ಗಡಿಗಳನ್ನು ಪತ್ತೆಹಚ್ಚಿ ಪಟ್ಟಿಯನ್ನು ಮತ್ತೆ ಬರೆದುಕೊಡುವುದು ಸಾಧ್ಯವಾಗುವುದೇ ಇದರಿಂದ.

ಈ ಧೈರ್ಯಕ್ಕೆ ಈಗ ಒಂದು ಮಿತಿ ಬಂದಿದೆ. ಹಳೆಯ ತಿರುಗುವ ಡಿಸ್ಕಿನಲ್ಲಿ ಪಾರ್ಟಿಷನ್ ಫಾರ್ಮ್ಯಾಟ್ ಆದಮೇಲೂ ಹಳೆಯ ಮಾಹಿತಿ ತಿಂಗಳುಗಟ್ಟಲೆ ಅಡಿಯಲ್ಲಿ ಉಳಿಯುತ್ತಿತ್ತು. ಎಸ್‌ಎಸ್‌ಡಿಗಳಲ್ಲಿ ಹಾಗಿಲ್ಲ. ಲಿನಕ್ಸ್‌ನಲ್ಲಿ ಎಕ್ಸ್ಟ್4 ಫಾರ್ಮ್ಯಾಟ್ ಮಾಡುವ ಪ್ರೋಗ್ರಾಂ, ಬೇರೆ ಸೂಚನೆ ಕೊಡದಿದ್ದರೆ, ಆ ಇಡೀ ಜಾಗ ಖಾಲಿಯಾಯಿತೆಂದು ಎಸ್‌ಎಸ್‌ಡಿಗೆ ತಿಳಿಸಿಬಿಡುತ್ತದೆ. ಡ್ರೈವ್ ತಾನಾಗಿಯೇ ಅದನ್ನು ಒರೆಸಿ ಹಾಕುತ್ತದೆ. ತಪ್ಪು ಪಾರ್ಟಿಷನ್ ಆರಿಸಿ ಫಾರ್ಮ್ಯಾಟ್ ಒತ್ತಿದರೆ ಬೆಂಗಳೂರಿನ ಎಸ್.ಪಿ. ರಸ್ತೆಯ ಯಾವ ಅಂಗಡಿಯವರೂ ಅದನ್ನು ಮರಳಿಸಲಾರರು. ಬ್ಯಾಕಪ್ ಅನ್ನು ಬೇರೆಯೇ ಹೊರ ಡಿಸ್ಕಿಗೆ ತೆಗೆದಿಟ್ಟು, ಅದು ತೆರೆಯುತ್ತದೆಯೇ ಎಂದು ಒಂದೆರಡು ಕಡತ ತೆರೆದು ನೋಡದೆ ಮುಂದಿನ ಹೆಜ್ಜೆ ಇಡಲೇಬಾರದು. ಡಿ ಡ್ರೈವ್‌ಗೆ ಮಾಡಿದ ಕಾಪಿ ಬ್ಯಾಕಪ್ ಅಲ್ಲ. ಸಿ ಮತ್ತು ಡಿ ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಒಂದೇ ಡಿಸ್ಕಿನ ಎರಡು ಪಾಲು.

ಎಂಬಿಆರ್‌ನ ಲೆಕ್ಕದಲ್ಲಿ ಸೆಕ್ಟರ್ ಸಂಖ್ಯೆ ಬರೆಯಲು 32 ಬಿಟ್ ಮಾತ್ರ. 512 ಬೈಟಿನ ಸೆಕ್ಟರಿಗೆ ಗುಣಿಸಿದರೆ 2 ಟಿಬಿಗೆ ಮುಗಿಯಿತು. ಇಂಟೆಲ್ ತನ್ನ ಇಟಾನಿಯಂ ಸರ್ವರ್‌ಗಳಿಗಾಗಿ ರೂಪಿಸಿ, ಮುಂದೆ ಯುಇಎಫ್‌ಐ ಎಂಬ ಹೆಸರಿನಲ್ಲಿ ಎಲ್ಲ ಪಿಸಿಗಳಿಗೂ ಬಂದ ಬೂಟ್ ವ್ಯವಸ್ಥೆಯೊಳಗೆ ಜಿಪಿಟಿ ಎಂಬ ಹೊಸ ಪಟ್ಟಿ ಸೇರಿತು. ಇದರಲ್ಲಿ ಸಾಮಾನ್ಯವಾಗಿ 128 ಪಾಲುಗಳಿಗೆ ಜಾಗ. ಪಟ್ಟಿಯ ಇನ್ನೊಂದು ಪ್ರತಿ ಡಿಸ್ಕಿನ ಕೊನೆಯಲ್ಲೂ ಇರುತ್ತದೆ, ಎರಡರಲ್ಲೂ ತಪ್ಪು ಹಿಡಿಯುವ ಮೊತ್ತ ಬರೆದಿರುತ್ತದೆ. ಹಳೆಯ ತಂತ್ರಾಂಶಗಳು ಇದು ಖಾಲಿ ಡಿಸ್ಕೆಂದು ತಿಳಿದು ಕೈಹಾಕದಿರಲೆಂದು ಮೊದಲ ಸೆಕ್ಟರಿನಲ್ಲಿ ಹಳೆಯ ಶೈಲಿಯ ನಮೂದೊಂದನ್ನೂ ಬರೆದಿಡುತ್ತಾರೆ: ಇಡೀ ಡಿಸ್ಕ್ ಭರ್ತಿ ಎಂದು. ಇದನ್ನು ಯೋಚಿಸಿದವರ ಮುಂದಾಲೋಚನೆ ದೊಡ್ಡದು.

ಹಾಗಾದರೆ ಮನೆಯ ಲ್ಯಾಪ್‌ಟಾಪಿನಲ್ಲಿ ಏನಿದೆ? ವಿಂಡೋಸ್ ಕೀ ಮತ್ತು ಎಕ್ಸ್ ಒಟ್ಟಿಗೆ ಒತ್ತಿ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆದರೆ ಕೆಳಭಾಗದಲ್ಲಿ ಡಿಸ್ಕಿನ ನಕ್ಷೆ ಕಾಣುತ್ತದೆ. ಎಡತುದಿಯಲ್ಲಿ ಸಾಮಾನ್ಯವಾಗಿ 100 ಎಂಬಿಯ ಇಎಫ್‌ಐ ಸಿಸ್ಟಂ ಪಾರ್ಟಿಷನ್. ಅದಾದ ಮೇಲೆ ಸಿ ಡ್ರೈವ್. ಬಲಕ್ಕೆ ಕೆಲವು ನೂರು ಎಂಬಿಯ ರಿಕವರಿ ಪಾರ್ಟಿಷನ್. ಮೊದಲೆರಡರ ನಡುವೆ 16 ಎಂಬಿಯ ಇನ್ನೊಂದು ಪಾಲಿದೆ, ಮೈಕ್ರೋಸಾಫ್ಟ್ ಮೀಸಲಿಟ್ಟದ್ದು. ಈ ಕಿಟಕಿ ಅದನ್ನು ತೋರಿಸುವುದೇ ಇಲ್ಲ. ಸಣ್ಣ ಪಾಲುಗಳನ್ನು ಕಂಡು ‘ಇದ್ಯಾಕೆ ವೇಸ್ಟ್ ಆಗಿ ಬಿದ್ದಿದೆ’ ಎಂದು ಡಿಲೀಟ್ ಮಾಡುವವರಿದ್ದಾರೆ. ಆ 100 ಎಂಬಿ ಹೋದರೆ ಯಂತ್ರ ಏಳುವುದಿಲ್ಲ.

ರಿಕವರಿ ಪಾರ್ಟಿಷನ್ನಿನ ವಿಷಯದಲ್ಲಿ 2024ರ ಜನವರಿಯಲ್ಲಿ ನಡೆದದ್ದನ್ನು ನೆನೆಯಬೇಕು. ವಿಂಡೋಸ್‌ನ ಡಿಸ್ಕ್ ಎನ್‌ಕ್ರಿಪ್ಷನ್ ವ್ಯವಸ್ಥೆಯಾದ ಬಿಟ್‌ಲಾಕರ್‌ನ ದೋಷವೊಂದನ್ನು ಸರಿಪಡಿಸಲು ಮೈಕ್ರೋಸಾಫ್ಟ್ ಬಿಟ್ಟ ಅಪ್‌ಡೇಟ್‌ಗೆ ಆ ಪಾಲಿನಲ್ಲಿ 250 ಎಂಬಿ ಖಾಲಿ ಜಾಗ ಬೇಕಿತ್ತು. ಬಹಳಷ್ಟು ವಿಂಡೋಸ್ 10 ಯಂತ್ರಗಳಲ್ಲಿ ಅಷ್ಟಿರಲಿಲ್ಲ. ಅಪ್‌ಡೇಟ್ ಮತ್ತೆ ಮತ್ತೆ ಬಂದು ಮತ್ತೆ ಮತ್ತೆ ಸೋತಿತು. ಕಮಾಂಡ್ ಟೈಪ್ ಮಾಡಿ ಪಾರ್ಟಿಷನ್ ಹಿಗ್ಗಿಸಿಕೊಳ್ಳಿ ಎಂದು ಕಂಪನಿ ಸಾಮಾನ್ಯ ಬಳಕೆದಾರರಿಗೇ ಸೂಚನೆ ಕೊಟ್ಟಿತು. ಪಾರ್ಟಿಷನ್ ಎಂಬುದು ತಜ್ಞರಿಗೆ ಬಿಟ್ಟ ವಿಷಯ ಎನ್ನುವವರಿಗೆ ಈ ಘಟನೆ ಉತ್ತರ. ತನ್ನ ಡಿಸ್ಕಿನಲ್ಲಿ ಯಾವ ಪಾಲು ಯಾಕಿದೆ ಎಂದು ಪ್ರತಿ ಮಾಲೀಕರಿಗೂ ಗೊತ್ತಿರಬೇಕು.

ಲಿನಕ್ಸ್‌ಗೆ ಜಾಗ ಬಿಡಿಸುವುದು ಸಿ ಡ್ರೈವ್‌ನ ಬಲತುದಿಯಿಂದ. ಅದರ ಮೇಲೆ ರೈಟ್ ಕ್ಲಿಕ್ ಮಾಡಿ ‘ಶ್ರಿಂಕ್ ವಾಲ್ಯೂಮ್’ ಆರಿಸಿದರೆ ಎಷ್ಟು ಕುಗ್ಗಿಸಬಹುದೆಂದು ವಿಂಡೋಸ್ ಲೆಕ್ಕ ಹಾಕುತ್ತದೆ. ಈ ಸೌಲಭ್ಯ ಬಂದದ್ದು ವಿಸ್ಟಾ ಕಾಲದಲ್ಲಿ. ಅದಕ್ಕೂ ಮೊದಲು ಜನ ಹಣ ಕೊಟ್ಟು ಪಾರ್ಟಿಷನ್ ಮ್ಯಾಜಿಕ್ ಎಂಬ ತಂತ್ರಾಂಶ ಕೊಳ್ಳುತ್ತಿದ್ದರು. ಉಬುಂಟುಗೆ 25 ಜಿಬಿ ಸಾಕೆಂದು ಅದರ ತಯಾರಕರು ಹೇಳಿದರೂ, ನಿತ್ಯ ಬಳಸುವವರು 60ರಿಂದ 100 ಜಿಬಿ ಬಿಟ್ಟುಕೊಂಡರೆ ನೆಮ್ಮದಿ. ಇಲ್ಲಿ ಹಲವರು ಕಕ್ಕಾಬಿಕ್ಕಿಯಾಗುತ್ತಾರೆ: ಸಿ ಡ್ರೈವ್‌ನಲ್ಲಿ 200 ಜಿಬಿ ಖಾಲಿಯಿದೆ, ಆದರೆ ಕುಗ್ಗಿಸಲು ಸಿಗುವುದು ಹತ್ತೋ ಹದಿನೈದೋ ಜಿಬಿ. ಡಿಸ್ಕ್ ಕೆಟ್ಟಿಲ್ಲ. ವಿಂಡೋಸ್ ತಾನು ಓಡುತ್ತಿರುವಾಗ ಕೆಲವು ಕಡತಗಳನ್ನು ಜಾಗ ಬದಲಿಸಲಾರದು. ಪೇಜ್‌ಫೈಲ್, ಹೈಬರ್ನೇಶನ್ ಕಡತ, ಸಿಸ್ಟಂ ರಿಸ್ಟೋರ್‌ಗೆ ಇಟ್ಟ ಪ್ರತಿಗಳು, ಎನ್‌ಟಿಎಫ್‌ಎಸ್‌ನ ಮುಖ್ಯ ಸೂಚಿ. ಇವುಗಳಲ್ಲಿ ಒಂದು ಮಧ್ಯದಲ್ಲಿ ಕೂತಿದ್ದರೂ ಗಡಿ ಅದರಾಚೆಗೆ ನಿಂತುಬಿಡುತ್ತದೆ. ಹೈಬರ್ನೇಶನ್ ಆಫ್ ಮಾಡಿ, ಪೇಜ್‌ಫೈಲ್ ಮತ್ತು ಸಿಸ್ಟಂ ರಿಸ್ಟೋರ್ ತಾತ್ಕಾಲಿಕವಾಗಿ ನಿಲ್ಲಿಸಿ, ರೀಸ್ಟಾರ್ಟ್ ಮಾಡಿ ಮತ್ತೆ ನೋಡಿದರೆ ಹಲವು ಬಾರಿ ಗಡಿ ಧಾರಾಳವಾಗಿ ಹಿಂದೆ ಸರಿಯುತ್ತದೆ. ಕೆಲಸ ಮುಗಿದ ಮೇಲೆ ಪೇಜ್‌ಫೈಲನ್ನು ಮತ್ತೆ ಆನ್ ಮಾಡಲು ಮರೆಯಬಾರದು.

ಬಲತುದಿಯಿಂದಲೇ ಏಕೆ? ಪಾಲಿನ ಕೊನೆಯನ್ನು ಒಳಸರಿಸಲು ಆ ಅಂಚಿನಲ್ಲಿರುವ ಕಡತಗಳನ್ನು ಮಾತ್ರ ಬೇರೆಡೆ ಇಟ್ಟರಾಯಿತು. ಪಾಲಿನ ಆರಂಭವನ್ನೇ ಸರಿಸಬೇಕೆಂದರೆ ಒಳಗಿರುವುದನ್ನೆಲ್ಲ ಎತ್ತಿ ಮರಳಿ ಬರೆಯಬೇಕು. ಜಿಪಾರ್ಟೆಡ್ ಎಂಬ ತಂತ್ರಾಂಶ ಅದನ್ನೂ ಮಾಡುತ್ತದೆ, ಆದರೆ ಹಳೆಯ ಡಿಸ್ಕಾದರೆ ಗಂಟೆಗಟ್ಟಲೆ ಹಿಡಿಯುತ್ತದೆ. ನಡುವೆ ಕರೆಂಟ್ ಹೋದರೆ ಅರ್ಧ ಅಲ್ಲಿ, ಅರ್ಧ ಇಲ್ಲಿ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿನಲ್ಲಿ, ಅದರಲ್ಲೂ ಮಳೆಗಾಲದ ಮಲೆನಾಡಿನಲ್ಲಿ, ಅಂಥ ಕೆಲಸಕ್ಕೆ ಕೈಹಾಕದಿರುವುದೇ ಮೇಲು.

ಇಷ್ಟಕ್ಕೆ ಮುಂಚೆ ಇನ್ನೊಂದು ಕೆಲಸ. 2024ರ ಕೊನೆಯಿಂದೀಚೆಗೆ ಹೊಸದಾಗಿ ಹಾಕಿದ ವಿಂಡೋಸ್ 11ರಲ್ಲಿ, ಮೈಕ್ರೋಸಾಫ್ಟ್ ಖಾತೆಯೊಂದಿಗೆ ಲಾಗಿನ್ ಆದರೆ, ಡಿಸ್ಕ್ ಎನ್‌ಕ್ರಿಪ್ಷನ್ ಹೇಳದೆ ಕೇಳದೆ ಶುರುವಾಗಿರುತ್ತದೆ. ಬೂಟ್ ವ್ಯವಸ್ಥೆಯಲ್ಲಿ ಏನೋ ಬದಲಾಗಿದೆ ಎನಿಸಿದ ಕೂಡಲೇ ಅದು 48 ಅಂಕಿಗಳ ಕೀ ಕೇಳುತ್ತದೆ. ಆ ಕೀ ಅದೇ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ. ಆದರೆ ಖಾತೆ ಯಾವುದು, ಪಾಸ್‌ವರ್ಡ್ ಏನು ಎಂಬುದು ಅಂಗಡಿಯವರೇ ಸೆಟಪ್ ಮಾಡಿಕೊಟ್ಟ ಲ್ಯಾಪ್‌ಟಾಪಿನ ಮಾಲೀಕರಿಗೆ ಎಷ್ಟೋ ಬಾರಿ ತಿಳಿದಿರುವುದಿಲ್ಲ. ಕೀ ಕಾಗದದ ಮೇಲೆ ಬರೆದಿಟ್ಟುಕೊಳ್ಳುವುದು ಮೊದಲ ಕೆಲಸ, ಪಾರ್ಟಿಷನ್ ಆಮೇಲಿನದು.

ಇನ್ನು ಮೊದಲ ಕ್ಷಣಗಳ ಹಿಡಿತ. ಎಂಬಿಆರ್ ಕಾಲದಲ್ಲಿ ಬೂಟ್ ಪ್ರೋಗ್ರಾಮಿಗೆ ಇದ್ದದ್ದು 446 ಬೈಟಿನ ಒಂದೇ ಜಾಗ. ಕೊನೆಗೆ ಬರೆದವರದ್ದೇ ಅದು. ವಿಂಡೋಸ್ ಹಾಕಿದಾಗ, ಅಲ್ಲಿ ಯಾರಿದ್ದರೆಂದು ನೋಡದೆ ತನ್ನದನ್ನು ಬರೆಯುತ್ತಿತ್ತು. ಲಿನಕ್ಸ್‌ನ ಗ್ರಬ್, ಅದಕ್ಕೂ ಹಿಂದಿನ ಲಿಲೋ, ಎರಡು ಸಿಸ್ಟಂಗಳ ಮೆನು ತೋರಿಸಿ ಯಾವುದು ಬೇಕೆಂದು ಕೇಳುತ್ತಿದ್ದವು. ‘ಮೊದಲು ವಿಂಡೋಸ್ ಹಾಕು, ಆಮೇಲೆ ಲಿನಕ್ಸ್’ ಎಂದು ಹಾಸ್ಟೆಲುಗಳಲ್ಲಿ ಹಿರಿಯರು ಕಿರಿಯರಿಗೆ ಹೇಳುತ್ತ ಬಂದ ಪಾಠದ ಮೂಲ ಇದು.

ಗ್ರಬ್‌ನ ಪೂರ್ತಿ ಪ್ರೋಗ್ರಾಂ 446 ಬೈಟಿನಲ್ಲಿ ಹಿಡಿಯದು. ಆಗಿನ ಡಿಸ್ಕುಗಳಲ್ಲಿ ಮೊದಲ ಪಾಲು 63ನೆಯ ಸೆಕ್ಟರಿನಲ್ಲಿ ಶುರುವಾಗುತ್ತಿತ್ತು. ಅದಕ್ಕೂ ಎಂಬಿಆರ್‌ಗೂ ನಡುವೆ ಯಾರ ಹೆಸರಿಗೂ ಇಲ್ಲದ ಜಾಗದಲ್ಲಿ ಗ್ರಬ್ ತನ್ನ ಉಳಿದ ಭಾಗ ಇಟ್ಟುಕೊಂಡಿತು. ವಿಂಡೋಸ್‌ನ ಕೆಲವು ದುಬಾರಿ ತಂತ್ರಾಂಶಗಳ ಲೈಸೆನ್ಸ್ ಕಾಯುವ ಫ್ಲೆಕ್ಸ್‌ನೆಟ್ ಎಂಬ ಪ್ರೋಗ್ರಾಮಿಗೂ ಅದೇ ಜಾಗ ಕಣ್ಣಿಗೆ ಬಿತ್ತು. ಗುಟ್ಟಾಗಿ ಗುರುತು ಬರೆದಿಡಲು ಅನುಕೂಲ. ವಿಂಡೋಸ್‌ನಲ್ಲಿ ಆ ತಂತ್ರಾಂಶ ತೆರೆದು ಮುಚ್ಚಿದವರಿಗೆ ಮಾರನೆಯ ದಿನ ಲಿನಕ್ಸ್ ಏಳುತ್ತಿರಲಿಲ್ಲ. ತಪ್ಪು ಎಲ್ಲಿದೆಯೆಂದು ಯಾರಿಗೂ ಹೊಳೆಯುವಂತಿರಲಿಲ್ಲ. ಕೊನೆಗೆ ಗ್ರಬ್ ಬರೆದವರು ಅಂಥ ಗುರುತುಗಳಿರುವ ಸೆಕ್ಟರುಗಳನ್ನು ಹುಡುಕಿ ಬಿಟ್ಟುಬಿಡುವ ವಿದ್ಯೆಯನ್ನೂ, ಒಂದೆರಡು ಸೆಕ್ಟರ್ ಕೆಟ್ಟರೂ ಉಳಿದದ್ದರಿಂದ ತನ್ನನ್ನು ಸರಿಪಡಿಸಿಕೊಳ್ಳುವ ರೀಡ್-ಸಾಲೊಮನ್ ಸಂಕೇತವನ್ನೂ ಅದಕ್ಕೆ ಸೇರಿಸಿದರು. ಸಿಡಿಗಳ ಗೀರುಗಳನ್ನು ದಾಟಿ ಹಾಡು ಕೇಳಿಸುತ್ತಿದ್ದ ಅದೇ ಗಣಿತ.

ಅದು ಅರಿಯದೆ ಆದ ಘರ್ಷಣೆ. ಅರಿತೇ ನಡೆದದ್ದಕ್ಕೆ ಬಿಓಎಸ್‌ನ ಕಥೆ ಇದೆ. ಆಪಲ್ ಬಿಟ್ಟುಬಂದ ಜಾನ್ ಲೂಯಿ ಗಾಸೆ 1990ರಲ್ಲಿ ಕಟ್ಟಿದ ಬಿ ಎಂಬ ಕಂಪನಿಯ ಆಪರೇಟಿಂಗ್ ಸಿಸ್ಟಂ ಅದು. ಆಗಿನ ಸಾಧಾರಣ ಪಿಸಿಯಲ್ಲೂ ಹಲವು ವಿಡಿಯೊಗಳನ್ನು ಒಟ್ಟೊಟ್ಟಿಗೆ ತಡೆಯಿಲ್ಲದೆ ಓಡಿಸಿ ನೋಡಿದವರನ್ನು ಬೆರಗುಗೊಳಿಸುತ್ತಿತ್ತು. ವಿಂಡೋಸ್ ಬಿಟ್ಟು ನಮ್ಮಲ್ಲಿಗೆ ಬನ್ನಿ ಎಂದು ಬಿ ಕೇಳಲಿಲ್ಲ. ಪಕ್ಕದಲ್ಲಿ ಒಂದು ಪಾರ್ಟಿಷನ್ ಕೊಡಿ ಎಂದಷ್ಟೇ ಕೇಳಿತು. 1998ರಲ್ಲಿ ಜಪಾನಿನ ಹಿಟಾಚಿ ತನ್ನ ಫ್ಲೋರಾ ಪ್ರಿಯಸ್ ಎಂಬ ಪಿಸಿಯಲ್ಲಿ ವಿಂಡೋಸ್ 98ರ ಜತೆ ಬಿಓಎಸ್ ಹಾಕಿ ಮಾರಲು ಒಪ್ಪಿತು. ಪಿಸಿಗಳು ಅಂಗಡಿಗೆ ಬಂದವು. ಡಿಸ್ಕಿನಲ್ಲಿ ಬಿಓಎಸ್ ಇತ್ತು. ಎರಡರಲ್ಲಿ ಯಾವುದು ಬೇಕೆಂದು ಕೇಳುವ ಮೆನು ಮಾತ್ರ ಇರಲಿಲ್ಲ. ಕೊಂಡವರು ಬಟನ್ ಒತ್ತಿದರೆ ನೇರವಾಗಿ ವಿಂಡೋಸ್ ಏಳುತ್ತಿತ್ತು. ತಮ್ಮ ಡಿಸ್ಕಿನಲ್ಲಿ ಇನ್ನೊಂದು ಸಿಸ್ಟಂ ಇದೆಯೆಂಬುದೇ ಬಹುತೇಕರಿಗೆ ತಿಳಿಯುವಂತಿರಲಿಲ್ಲ. ಪಿಸಿ ತಯಾರಕರ ಜತೆಗಿನ ಲೈಸೆನ್ಸ್ ಒಪ್ಪಂದಗಳ ಮೂಲಕ ಮೈಕ್ರೋಸಾಫ್ಟ್ ಆ ಮೆನುವನ್ನು ತಡೆಯಿತು ಎಂಬುದು ಬಿಯ ಆರೋಪ. 2001ರಲ್ಲಿ ಬಿಯ ಆಸ್ತಿಯನ್ನು ಪಾಮ್ ಕಂಪನಿ 1.1 ಕೋಟಿ ಡಾಲರ್‌ಗೆ ಕೊಂಡಿತು. 2002ರಲ್ಲಿ ಬಿ ಹೂಡಿದ ದಾವೆ 2003ರಲ್ಲಿ ರಾಜಿಯಲ್ಲಿ ಮುಗಿಯಿತು: ಮೈಕ್ರೋಸಾಫ್ಟ್ ಯಾವ ತಪ್ಪನ್ನೂ ಒಪ್ಪಿಕೊಳ್ಳದೆ ಕೊಟ್ಟ ಪರಿಹಾರದಲ್ಲಿ ವಕೀಲರ ಶುಲ್ಕ ಕಳೆದು ಬಿಗೆ ಸಿಕ್ಕಿದ್ದು 2.325 ಕೋಟಿ ಡಾಲರ್. ಆ ಹೊತ್ತಿಗೆ ಬಿಓಎಸ್ ಮಾರುಕಟ್ಟೆಯಲ್ಲೇ ಇರಲಿಲ್ಲ. ನೂರಾರು ಎಂಬಿ ಜಾಗ ಸಿಕ್ಕಿಯೂ ಕೆಲವೇ ಬೈಟಿನ ಮೆನು ಸಿಗದೆ ಒಳ್ಳೆಯ ಸಿಸ್ಟಂ ಒಂದು ಹಿಂದೆ ಬಿತ್ತು. ಬಳಕೆದಾರರಿಗೆ ಇದರಿಂದ ಆದ ನಷ್ಟವನ್ನು ಯಾವ ಕೋರ್ಟೂ ಲೆಕ್ಕ ಹಾಕಲಿಲ್ಲ.

ಯುಇಎಫ್‌ಐ ಬಂದಮೇಲೆ ಒಂದೇ ಜಾಗಕ್ಕೆ ಹೊಡೆದಾಡುವುದು ತಪ್ಪಿತು. ಆ 100 ಎಂಬಿಯ ಇಎಫ್‌ಐ ಪಾಲಿನಲ್ಲಿ ಮೈಕ್ರೋಸಾಫ್ಟ್‌ಗೆ ಒಂದು ಫೋಲ್ಡರ್, ಉಬುಂಟುಗೆ ಒಂದು. ಎರಡೂ ಪಕ್ಕಪಕ್ಕದಲ್ಲಿ ಇರಬಹುದು. ಯಾವುದು ಮೊದಲು ಎಂಬ ಸರದಿ ಡಿಸ್ಕಿನಲ್ಲಿ ಇರುವುದೇ ಇಲ್ಲ, ಮದರ್‌ಬೋರ್ಡಿನ ಚಿಪ್‌ನಲ್ಲಿ ಇರುತ್ತದೆ. ವಿಂಡೋಸ್‌ನ ದೊಡ್ಡ ಅಪ್‌ಡೇಟ್ ಆದಮೇಲೆ ಗ್ರಬ್ ಮೆನು ಮಾಯವಾದರೆ ಲಿನಕ್ಸ್ ಅಳಿಸಿಹೋಗಿರುವುದಿಲ್ಲ, ಸರದಿ ಬದಲಾಗಿರುತ್ತದೆ ಅಷ್ಟೆ. ಎಫ್2ವೋ ಎಫ್12ವೋ, ಆಯಾ ಕಂಪನಿ ಇಟ್ಟ ಕೀ ಒತ್ತಿ ಸೆಟಪ್‌ಗೆ ಹೋಗಿ ಉಬುಂಟುವನ್ನು ಮೇಲಕ್ಕೆ ತಂದರೆ ಮುಗಿಯಿತು.

ಆದರೆ ಹಿಡಿತದ ಪ್ರಶ್ನೆ ಬೇರೆ ರೂಪದಲ್ಲಿ ಮರಳಿತು. 2012ರಲ್ಲಿ ವಿಂಡೋಸ್ 8ರ ಜತೆ ಬಂದ ಸೆಕ್ಯೂರ್ ಬೂಟ್, ನಂಬಿಕೆಯ ಸಹಿ ಇಲ್ಲದ ಯಾವ ಪ್ರೋಗ್ರಾಮನ್ನೂ ಆ ಮೊದಲ ಕ್ಷಣದಲ್ಲಿ ಓಡಲು ಬಿಡುವುದಿಲ್ಲ. ವೈರಸ್‌ಗಳು ಬೂಟ್ ಹಂತದಲ್ಲೇ ಸೇರಿಕೊಳ್ಳದಂತೆ ತಡೆಯಲು ಇದು ನಿಜಕ್ಕೂ ಬೇಕಾದ ಏರ್ಪಾಡು. ತೊಡಕೆಂದರೆ, ಬಹುತೇಕ ಪಿಸಿಗಳಲ್ಲಿ ಮೊದಲೇ ನಮೂದಾಗಿ ಬರುವ ಕೀಗಳು ಮೈಕ್ರೋಸಾಫ್ಟ್‌ನವು. ಲಿನಕ್ಸ್ ಸಮುದಾಯ ಇದಕ್ಕೆ ಶಿಮ್ ಎಂಬ ಚಿಕ್ಕ ಪ್ರೋಗ್ರಾಂ ಕಂಡುಕೊಂಡಿತು. ಆಗ ರೆಡ್ ಹ್ಯಾಟ್‌ನಲ್ಲಿದ್ದ ಮ್ಯಾಥ್ಯೂ ಗ್ಯಾರೆಟ್ ಅದರಲ್ಲಿ ಮುಖ್ಯರು. ಮೈಕ್ರೋಸಾಫ್ಟ್ ಶಿಮ್‌ಗೆ ಸಹಿ ಹಾಕುತ್ತದೆ, ಶಿಮ್ ಗ್ರಬ್ ಅನ್ನು ಪರಿಶೀಲಿಸಿ ಬಿಡುತ್ತದೆ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಈ ಹೊಂದಾಣಿಕೆ ನಡೆಯಿತು.

2024ರ ಆಗಸ್ಟ್ 13ರಂದು ಅದು ಮುರಿದುಬಿತ್ತು. ಗ್ರಬ್‌ನಲ್ಲಿ 2022ರಲ್ಲೇ ಪತ್ತೆಯಾಗಿದ್ದ ದೋಷವಿರುವ ಹಳೆಯ ಪ್ರತಿಗಳನ್ನು ತಡೆಯುವ ನಿಯಮವೊಂದನ್ನು ಆ ದಿನದ ವಿಂಡೋಸ್ ಅಪ್‌ಡೇಟ್ ಯಂತ್ರದ ಚಿಪ್‌ಗೆ ಬರೆಯಿತು. ಎರಡು ಸಿಸ್ಟಂ ಇರುವ ಯಂತ್ರಗಳಿಗೆ ಇದು ತಾಗುವುದಿಲ್ಲವೆಂದು ಮೈಕ್ರೋಸಾಫ್ಟ್ ಹೇಳಿತ್ತು. ತಾಗಿತು. ಉಬುಂಟು, ಡೆಬಿಯನ್, ಲಿನಕ್ಸ್ ಮಿಂಟ್ ಬಳಸುತ್ತಿದ್ದ ಎಷ್ಟೋ ಮಂದಿ ಮರುದಿನ ಬಟನ್ ಒತ್ತಿದಾಗ, ಏನೋ ಭಾರೀ ಎಡವಟ್ಟಾಗಿದೆ ಎಂಬರ್ಥದ ಒಂದು ಸಾಲು ಕಾಣಿಸಿ ಯಂತ್ರ ಆರಿಹೋಯಿತು. ಸೆಕ್ಯೂರ್ ಬೂಟ್ ಆಫ್ ಮಾಡಿ, ಲಿನಕ್ಸ್‌ಗೆ ಹೋಗಿ, ಕಮಾಂಡ್ ಕೊಟ್ಟು ಆ ನಿಯಮ ಅಳಿಸಿ, ಮತ್ತೆ ಆನ್ ಮಾಡುವುದು ತಾತ್ಕಾಲಿಕ ಪರಿಹಾರವಾಗಿತ್ತು. ವಿಂಡೋಸ್ ಕಡೆಯಿಂದ ಪೂರ್ತಿ ಪರಿಹಾರ ಬಂದದ್ದು 2025ರ ಮೇ ತಿಂಗಳಲ್ಲಿ. ಇಲ್ಲಿ ಒಬ್ಬರೂ ತಮ್ಮ ಪಾರ್ಟಿಷನ್ ಮುಟ್ಟಿರಲಿಲ್ಲ, ಲಿನಕ್ಸ್‌ನ ಒಂದು ಬೈಟೂ ಕದಲಿರಲಿಲ್ಲ ಎಂಬುದನ್ನು ಗಮನಿಸಬೇಕು. ಲಿನಕ್ಸ್ ಭಾಗವನ್ನು ಕಾಲಕಾಲಕ್ಕೆ ಅಪ್‌ಡೇಟ್ ಮಾಡುತ್ತಿರುವುದೇ ಇದಕ್ಕೆ ಇರುವ ಒಳ್ಳೆಯ ಮದ್ದು. ಇದು ಈಗ ಇನ್ನೂ ಮುಖ್ಯ. 2011ರಲ್ಲಿ ಹೊರಡಿಸಿದ ಮೈಕ್ರೋಸಾಫ್ಟ್‌ನ ಸೆಕ್ಯೂರ್ ಬೂಟ್ ಪ್ರಮಾಣಪತ್ರಗಳ ಅವಧಿ 2026ರ ಜೂನ್‌ನಿಂದ ಮುಗಿಯತೊಡಗುತ್ತದೆ.

ಇಷ್ಟು ತಿಳಿದವರಿಗೆ ಉಬುಂಟು ಹಾಕುವುದು ಅರ್ಧ ಗಂಟೆಯ ಕೆಲಸ. ಇನ್‌ಸ್ಟಾಲರ್ ಒಂದು ಹಂತದಲ್ಲಿ ನಿಂತು, ಇಡೀ ಡಿಸ್ಕ್ ಅಳಿಸಲೋ, ವಿಂಡೋಸ್ ಪಕ್ಕದಲ್ಲಿ ಕೂರಲೋ, ನೀವೇ ಪಾಲು ತೋರಿಸುತ್ತೀರೋ ಎಂದು ಕೇಳುತ್ತದೆ. ಆ ಪರದೆಯಲ್ಲಿ ಅವಸರ ಮಾಡಿದವರೇ ಹೆಚ್ಚಾಗಿ ಎಲ್ಲವನ್ನೂ ಕಳೆದುಕೊಳ್ಳುವುದು. ಅಲ್ಲಿ ಸಿ, ಡಿ ಎಂಬ ಹೆಸರುಗಳಿರುವುದಿಲ್ಲ. ಎಸ್‌ಡಿಎ1, ಎಸ್‌ಡಿಎ2 ಎಂಬಂಥ ಹೆಸರುಗಳು. ಯಾವುದು ತನ್ನದೆಂದು ಹೆಸರಿನಿಂದ ತಿಳಿಯದು, ಗಾತ್ರದಿಂದ ತಿಳಿಯಬೇಕು. ವಿಂಡೋಸ್‌ನಲ್ಲಿರುವಾಗಲೇ ಡಿಸ್ಕ್ ಮ್ಯಾನೇಜ್‌ಮೆಂಟ್‌ನ ನಕ್ಷೆಯ ಫೋಟೋ ಮೊಬೈಲಿನಲ್ಲಿ ತೆಗೆದಿಟ್ಟುಕೊಂಡರೆ ಈಗ ಹೋಲಿಸಿ ನೋಡಬಹುದು. ಡಿಸ್ಕೇ ಕಾಣದಿದ್ದರೆ ಇಂಟೆಲ್‌ನ ಆರ್‌ಎಸ್‌ಟಿ ಎಂಬ ಸೆಟ್ಟಿಂಗ್ ಆನ್ ಇರುವ ಸಾಧ್ಯತೆ ಹೆಚ್ಚು. ಸೆಟಪ್‌ನಲ್ಲಿ ಅದನ್ನು ಎಎಚ್‌ಸಿಐಗೆ ಬದಲಿಸಬೇಕು, ಆದರೆ ವಿಂಡೋಸನ್ನು ಅದಕ್ಕೆ ಮೊದಲೇ ಸಜ್ಜುಗೊಳಿಸದಿದ್ದರೆ ಅದು ಏಳದೆ ಹೋಗುತ್ತದೆ.

ಎರಡೂ ನೆಲೆಯಾದ ಮೇಲೆ ಒಂದು ಸಣ್ಣ ವಿಚಿತ್ರ ಕಾಣುತ್ತದೆ. ಬೆಳಗ್ಗೆ ಒಂಬತ್ತೂವರೆಗೆ ಲಿನಕ್ಸ್ ಮುಚ್ಚಿ ವಿಂಡೋಸ್‌ಗೆ ಬಂದರೆ ಗಡಿಯಾರ ನಾಲ್ಕು ಗಂಟೆ ತೋರಿಸುತ್ತದೆ. ಮದರ್‌ಬೋರ್ಡಿನ ಗಡಿಯಾರದಲ್ಲಿರುವುದು ಸ್ಥಳೀಯ ಸಮಯ ಎಂದು ವಿಂಡೋಸ್ ಡಾಸ್ ಕಾಲದಿಂದ ನಂಬಿಕೊಂಡು ಬಂದಿದೆ. ಲಿನಕ್ಸ್ ಅಲ್ಲಿ ಜಾಗತಿಕ ಸಮಯ ಇಡುತ್ತದೆ. ನಡುವಿನ ಅಂತರ ಭಾರತದಲ್ಲಿ ಸರಿಯಾಗಿ ಐದೂವರೆ ಗಂಟೆ. ಲಿನಕ್ಸ್‌ಗೆ ಒಂದು ಕಮಾಂಡ್ ಕೊಟ್ಟು ಸ್ಥಳೀಯ ಸಮಯವನ್ನೇ ಇಡುವಂತೆ ಹೇಳಿದರೆ ಇದು ಸರಿಹೋಗುತ್ತದೆ. ಇದಕ್ಕಿಂತ ಗಂಭೀರವಾದದ್ದು ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್. ಶಟ್‌ಡೌನ್ ಒತ್ತಿದಾಗ ವಿಂಡೋಸ್ ಪೂರ್ತಿ ಮಲಗುವುದಿಲ್ಲ. ಒಳಗಿನ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು, ಸಿ ಡ್ರೈವ್‌ನ ಲೆಕ್ಕವನ್ನು ಅರ್ಧಕ್ಕೆ ಬಿಟ್ಟಿರುತ್ತದೆ. ಆಗ ಲಿನಕ್ಸ್‌ನಿಂದ ಆ ಡ್ರೈವಿಗೆ ಬರೆದರೆ ಕಡತಗಳು ಕೆಡುತ್ತವೆ. ಲಿನಕ್ಸ್ ಇದನ್ನರಿತು ಸಾಮಾನ್ಯವಾಗಿ ಬರೆಯಲು ನಿರಾಕರಿಸುತ್ತದೆ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಇದನ್ನು ಆಫ್ ಮಾಡಿದವರು ಎರಡೂ ಕಡೆಯಿಂದ ಒಂದೇ ಡಿ ಡ್ರೈವ್ ಬಳಸಬಹುದು.

ಎಲ್ಲರಿಗೂ ಡ್ಯುಯಲ್ ಬೂಟ್ ಬೇಕೆಂದೇನಿಲ್ಲ. ಬರೀ ಲಿನಕ್ಸ್ ಕಮಾಂಡ್ ಕಲಿಯುವವರಿಗೆ ವಿಂಡೋಸ್‌ನೊಳಗೇ ಓಡುವ ಡಬ್ಲ್ಯುಎಸ್‌ಎಲ್ ಸಾಕು. ಲ್ಯಾಪ್‌ಟಾಪಿನಲ್ಲಿ ಎರಡನೆಯ ಎಸ್‌ಎಸ್‌ಡಿಗೆ ಜಾಗವಿದ್ದರೆ ಬೇರೆ ಡಿಸ್ಕಿಗೇ ಲಿನಕ್ಸ್ ಹಾಕುವುದು ಎಲ್ಲಕ್ಕಿಂತ ಕ್ಷೇಮ. ಹಳೆಯ ಇಂಟೆಲ್ ಮ್ಯಾಕ್‌ಗಳಲ್ಲಿ 2006ರಿಂದ ವಿಂಡೋಸ್ ಹಾಕಿಕೊಳ್ಳಲು ಬೂಟ್ ಕ್ಯಾಂಪ್ ಎಂಬ ಸೌಲಭ್ಯ ಇತ್ತು. 2020ರಿಂದ ಬಂದ ಆಪಲ್ ಚಿಪ್‌ನ ಮ್ಯಾಕ್‌ಗಳಲ್ಲಿ ಅದಿಲ್ಲ, ಅಲ್ಲಿ ಅಸಾಹಿ ಲಿನಕ್ಸ್ ತಂಡದ ಶ್ರಮ ಮಾತ್ರ ಇದೆ.

ಕೊನೆಗೆ ಲಿನಕ್ಸ್ ಬೇಡವೆನಿಸಿದರೆ ತೆಗೆಯುವುದಕ್ಕೂ ಕ್ರಮವಿದೆ. ಎಂಬಿಆರ್ ಡಿಸ್ಕಿನಲ್ಲಿ ನೇರವಾಗಿ ಲಿನಕ್ಸ್ ಪಾಲು ಅಳಿಸಿದರೆ ಗ್ರಬ್ ತನ್ನ ಕಡತಗಳು ಸಿಗದೆ ಅರ್ಧದಲ್ಲಿ ನಿಲ್ಲುತ್ತದೆ, ವಿಂಡೋಸ್ ಕೂಡ ಏಳುವುದಿಲ್ಲ. ವಿಂಡೋಸ್‌ನ ಇನ್‌ಸ್ಟಾಲ್ ಪೆನ್‌ಡ್ರೈವ್‌ನಿಂದ ಮೊದಲು ಅದರ ಬೂಟ್ ರೆಕಾರ್ಡ್ ಮರಳಿ ಬರೆಯಬೇಕು. ಯುಇಎಫ್‌ಐ ಯಂತ್ರದಲ್ಲಿ ಸೆಟಪ್‌ಗೆ ಹೋಗಿ ವಿಂಡೋಸ್ ಅನ್ನು ಸರದಿಯಲ್ಲಿ ಮೇಲಕ್ಕೆ ತಂದು, ಅದು ತಾನಾಗಿ ಏಳುವುದನ್ನು ಖಚಿತಪಡಿಸಿಕೊಂಡು, ಆಮೇಲೆ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಲಿನಕ್ಸ್ ಪಾಲು ಅಳಿಸಬೇಕು. ಪಕ್ಕದಲ್ಲೇ ಇದ್ದರೆ ಆ ಜಾಗವನ್ನು ‘ಎಕ್ಸ್‌ಟೆಂಡ್ ವಾಲ್ಯೂಮ್’ ಮೂಲಕ ಸಿ ಡ್ರೈವ್‌ಗೆ ಸೇರಿಸಬಹುದು. ನಡುವೆ ರಿಕವರಿ ಪಾಲು ಇದ್ದರೆ ವಿಂಡೋಸ್ ಸೇರಿಸಲು ಒಪ್ಪುವುದಿಲ್ಲ, ಆಗ ಅದನ್ನು ಹೊಸ ಡ್ರೈವ್ ಮಾಡಿಕೊಳ್ಳುವುದೇ ಸರಳ. ಇಎಫ್‌ಐ ಪಾಲಿನಲ್ಲಿ ಉಳಿಯುವ ಉಬುಂಟು ಫೋಲ್ಡರ್ ಕೆಲವೇ ಎಂಬಿಯದು. ಅದನ್ನು ಹಾಗೇ ಬಿಟ್ಟರೂ ತೊಂದರೆಯಿಲ್ಲ.